ಡ್ರ್ಯಾಗನ್ಸ್ ಬ್ಲಡ್ ಬಾಟಲಿ: ತೋಟದ ಸಣ್ಣ ಗಾಯಕ್ಕೆ ಸೈ, ಹೊಟ್ಟೆಗೆ ಬೇಡ

ನೆರಳು ಮರಗಳ ಕೊಂಬೆ ಸವರುವ ಮರಗಸಿ ಶುರುವಾದರೆ ಕತ್ತಿ ಗಾಯ, ಮಳೆ ಹಿಡಿದರೆ ಜಿಗಣೆ. ಕೊಡಗಿನ ಕಾಫಿ ತೋಟದಲ್ಲಿ ಫಸ್ಟ್ ಏಡ್ ಡಬ್ಬಿ ತೆರೆಯುವುದು ಬಹುಪಾಲು ಈ ಎರಡಕ್ಕೇ. ಎರಡಕ್ಕೂ ತಾನೇ ರಾಮಬಾಣ ಎಂದು ಹೇಳಿಕೊಂಡು ಒಂದು ಕಡುಗೆಂಪು ದ್ರವದ ಬಾಟಲಿ ಆನ್‌ಲೈನಿನಲ್ಲಿ ಮಾರಾಟವಾಗುತ್ತಿದೆ. ಹೆಸರು ಡ್ರ್ಯಾಗನ್ಸ್ ಬ್ಲಡ್, ಇಲ್ಲವೇ ಸಾಂಗ್ರೆ ದೆ ಗ್ರಾದೊ. 30 ಮಿ.ಲೀ. ಕಂದು ಗಾಜಿನ ಬಾಟಲಿ, ಡ್ರಾಪರ್ ಮುಚ್ಚಳ, ‘ಪೆರು ದೇಶದ ಕಾಡಿನ ಮರದ ಹಾಲು’ ಎಂಬ ಲೇಬಲ್. ಲೇಬಲ್ಲಿನ ಹಿಂಬದಿಯಲ್ಲಿ ಗಾಯ, ಹುಳ ಕಡಿತ, ಬಾಯಿಹುಣ್ಣು, ಭೇದಿ, ಅಲ್ಸರ್, ಮೊಡವೆ, ಮುಖದ ಸುಕ್ಕು ಎಂದು ಪಟ್ಟಿ ಬೆಳೆಯುತ್ತಾ ಹೋಗುತ್ತದೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ಪಟ್ಟಿಯ ಮೊದಲ ಎರಡು ಸಾಲಿಗೆ ಬಾಟಲಿ ಯೋಗ್ಯ. ಮೂರನೆಯದಕ್ಕೆ ಎಚ್ಚರದಿಂದ ಬಳಸಬಹುದು. ನಾಲ್ಕರಿಂದ ಮುಂದಿನದ್ದನ್ನು ನಂಬಿ ಕೊಳ್ಳಬೇಡಿ. ಕುಡಿಯಲಂತೂ ಬೇಡವೇ ಬೇಡ.

ಮರದ ಹೆಸರು ಕ್ರೋಟನ್ ಲೆಕ್ಲೆರಿ. ಪೆರು, ಈಕ್ವೆಡಾರ್, ಕೊಲಂಬಿಯಾ, ಬೊಲಿವಿಯಾ ಕಡೆಯ ಮೇಲಣ ಅಮೆಜಾನ್ ಕಾಡಿನಲ್ಲಿ ಬೆಳೆಯುತ್ತದೆ. ಹರಳು, ರಬ್ಬರ್, ಮರಗೆಣಸು ಸೇರಿದ ಕುಟುಂಬದ್ದೇ ಇದು. ತೊಗಟೆಗೆ ಕತ್ತಿ ತಾಗಿಸಿದರೆ ಕೆಂಪು ಹಾಲು ಒಸರುತ್ತದೆ. ನಿಂತ ಮರಕ್ಕೆ ಗೆರೆ ಕೊರೆದೂ ಇಳಿಸುತ್ತಾರೆ, ಮರವನ್ನೇ ಉರುಳಿಸಿ ಉದ್ದಕ್ಕೂ ಕೊರೆದು ಬಸಿದುಕೊಳ್ಳುವುದೂ ಉಂಟು. ಹಾಲನ್ನು ಒಣಗಿಸಿದರೆ ಉಳಿಯುವ ಭಾಗದಲ್ಲಿ ಹೆಚ್ಚಿನ ಪಾಲು ಪ್ರೊಆಂಥೋಸಯನಿಡಿನ್ ಎಂಬ ಒಗರು ವಸ್ತುಗಳದು, ಅಂದರೆ ಒಂದು ಬಗೆಯ ಟ್ಯಾನಿನ್. ಅಡಿಕೆಯ ಒಗರು, ಹೊನ್ನೆ ಅಂಟಿನ ಒಗರು ಇದೇ ಬಳಗದವು. ಇದರ ಜೊತೆಗೆ ಅಲ್ಪ ಪ್ರಮಾಣದಲ್ಲಿ ಟ್ಯಾಸ್ಪಿನ್ ಎಂಬ ಆಲ್ಕಲಾಯ್ಡ್ ಇದೆ. ಹೊಗಳಿಕೆಗೂ ಎಚ್ಚರಿಕೆಗೂ ಅದೇ ಕಾರಣ. ಅದರ ವಿಚಾರ ಮುಂದೆ ಬರುತ್ತದೆ.

ಕೊಳ್ಳುವಾಗ ಮೊದಲ ತೊಡಕು ಇಲ್ಲಿದೆ: ಡ್ರ್ಯಾಗನ್ಸ್ ಬ್ಲಡ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಮಾಲು ಮಾರುತ್ತಾರೆ. ಸುಮಾತ್ರ ಕಡೆಯ ಬೆತ್ತದ ಜಾತಿಯೊಂದರ ಕಾಯಿಯ ಮೇಲಿನ ಕೆಂಪು ರಾಳ ಒಂದು. ಯೆಮನ್‌ಗೆ ಸೇರಿದ ಸೊಕೊತ್ರ ದ್ವೀಪದ ಡ್ರಸೀನಾ ಮರದ ರಾಳ ಇನ್ನೊಂದು. ಇವೆರಡೂ ಗಟ್ಟಿ, ಗ್ರಂಥಿಗೆ ಅಂಗಡಿಯಲ್ಲಿ ಗಡ್ಡೆಯಾಗಿಯೋ ಪುಡಿಯಾಗಿಯೋ ಸಿಗುವುದು, ಧೂಪಕ್ಕೆ ಮತ್ತು ವಾರ್ನಿಷ್‌ಗೆ ಹೋಗುವುದು ಇವೇ. ಇದೇ ಹೆಸರಿನ ಊದುಬತ್ತಿಯೂ ಇದೆ, ಅದರಲ್ಲಿ ಇವು ಯಾವುದೂ ಇರಬೇಕೆಂದೇನಿಲ್ಲ. ಅಮೆಜಾನ್ ಮರದ್ದು ದ್ರವ. ಲೇಬಲ್ಲಿನಲ್ಲಿ ‘ಕ್ರೋಟನ್ ಲೆಕ್ಲೆರಿ’ ಎಂದು ಸಸ್ಯದ ಪೂರ್ತಿ ಹೆಸರಿಲ್ಲದಿದ್ದರೆ ಬೇರೆ ಏನನ್ನೂ ಓದುವ ಅಗತ್ಯವಿಲ್ಲ, ಮುಂದಿನ ಮಾರಾಟಗಾರನ ಪುಟಕ್ಕೆ ಹೋಗಿ.

ಬಾಟಲಿ ಕೈಗೆ ಬಂದ ಮೇಲೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಎರಡು ಹನಿಯನ್ನು ಅಂಗೈಗೆ ಬಿಟ್ಟು ಇನ್ನೊಂದು ಕೈಯ ಬೆರಳಿನಿಂದ ಸುತ್ತುಸುತ್ತಾಗಿ ಉಜ್ಜಿ. ಅಸಲಿ ಹಾಲು ಬೆಲ್ಲದ ಕಾಫಿಯಷ್ಟೇ ತೆಳುವಾಗಿ ಶುರುವಾಗುತ್ತದೆ. ಉಜ್ಜುತ್ತಾ ಹೋದಂತೆ ಬಣ್ಣ ತಿಳಿಯಾಗಿ, ದಪ್ಪಗಾಗಿ, ಮಾಸಲು ಗುಲಾಬಿ ಬಣ್ಣದ ಮುಲಾಮಿನಂತಾಗುತ್ತದೆ. ಇನ್ನೂ ಸ್ವಲ್ಪ ಉಜ್ಜಿದರೆ ಚರ್ಮದ ಮೇಲೆ ಬಿಗಿಯುವ ಪದರವಾಗಿ ಕೂರುತ್ತದೆ. ಎಷ್ಟು ಉಜ್ಜಿದರೂ ಕೆಂಪು ನೀರು ಕೆಂಪು ನೀರಾಗಿಯೇ ಹರಿದಾಡಿದರೆ ಒಂದೋ ನೀರು ಬೆರೆತಿದೆ, ಇಲ್ಲ ಅದು ಯಾವುದೋ ತೊಗಟೆಯ ಕಷಾಯ. ಎರಡನೆಯದು, ಗಾಜಿನ ಚೂರಿನ ಮೇಲೆ ಒಂದು ಹನಿ ಬಿಟ್ಟು ನೆರಳಿನಲ್ಲಿ ಒಣಗಿಸುವುದು. ಹೊಳೆಯುವ ಕೆಂಗಂದು ಪೊರೆ ಉಳಿಯಬೇಕು. ಉಗುರಿನಿಂದ ಕೆರೆದರೆ ಪುಡಿಯಾಗಿ ಏಳಬೇಕು. ಅಂಟಂಟಾಗಿ ಉಳಿದರೆ ಸಕ್ಕರೆಯೋ ಗ್ಲಿಸರಿನ್ನೋ ಸೇರಿದೆ. ಮೂರನೆಯದು, ಅರ್ಧ ಲೋಟ ನೀರಿಗೆ ಒಂದು ಹನಿ. ಕದಡಿದರೆ ಬೆರೆತು ನೀರು ಕೆಂಪಾಗಬೇಕು. ಬೆರೆಯದೆ ತಳದಲ್ಲಿ ಕಣಕಣವಾಗಿ ಕುಳಿತರೆ ಅದು ಗಟ್ಟಿ ರಾಳವನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ತುಂಬಿಸಿದ್ದು, ಏಕೆಂದರೆ ಆ ರಾಳ ನೀರಿನಲ್ಲಿ ಕರಗುವುದಿಲ್ಲ. ತುಕ್ಕು ಹಿಡಿದ ಮೊಳೆ ಅದ್ದಿ ಕಪ್ಪಾದರೆ ಅಸಲಿ ಎಂದು ಹೇಳಿಕೊಡುವವರಿದ್ದಾರೆ. ಅದು ಕೆಲಸಕ್ಕೆ ಬಾರದ ಪರೀಕ್ಷೆ. ಟ್ಯಾನಿನ್ ಇರುವ ಯಾವುದಾದರೂ ಕಬ್ಬಿಣ ತಾಗಿದರೆ ಕಪ್ಪಾಗುತ್ತದೆ, ಚಹಾ ಡಿಕಾಕ್ಷನ್ ಕೂಡ.

ಇನ್ನು ಕಾಗದಪತ್ರ. ಈ ಮರ ನಮ್ಮ ಆಯುರ್ವೇದದ್ದಲ್ಲ. ಹಾಗಾಗಿ ಇದನ್ನು ಶಾಸ್ತ್ರೀಯ ಆಯುರ್ವೇದ ಔಷಧ ಎಂದು ಮಾರುವಂತಿಲ್ಲ. ಸಾಮಾನ್ಯವಾಗಿ ಇದು ಸೌಂದರ್ಯವರ್ಧಕದ ಹೆಸರಿನಲ್ಲಿ ಬರುತ್ತದೆ. ಹಾಗೆ ಬಂದದ್ದಾದರೆ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಆಮದು ನೋಂದಣಿ ಬೇಕು. ಲೇಬಲ್ಲಿನಲ್ಲಿ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆ ಇರಬೇಕು. ಹೊಟ್ಟೆಗೆ ತೆಗೆದುಕೊಳ್ಳುವ ಪದಾರ್ಥವೆಂದು ಮಾರಿದರೆ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಬೇಕು. ಎಷ್ಟೋ ಬಾಟಲಿಗಳಲ್ಲಿ ಇದೂ ಇಲ್ಲ, ಅದೂ ಇಲ್ಲ. ‘ನೂರಕ್ಕೆ ನೂರು ನೈಸರ್ಗಿಕ’ ಎಂಬುದೊಂದು ಮಾತ್ರ ದಪ್ಪಕ್ಷರದಲ್ಲಿ. ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು, ಆಲ್ಕೋಹಾಲ್ ಬೆರೆಸಿದ್ದರೆ ಅದರ ಪ್ರಮಾಣ ಇಷ್ಟಾದರೂ ಇರಲೇಬೇಕು. ಆಲ್ಕೋಹಾಲ್ ವಿಷಯ ಯಾಕೆಂದರೆ, ಹಾಲು ಕೆಡದಿರಲೆಂದು ಅದನ್ನು ಸೇರಿಸಿದ್ದ ಬಾಟಲಿ ತೆರೆದ ಗಾಯಕ್ಕೆ ತಾಗಿದಾಗ ಚುರ್ರೆಂದು ಉರಿಯುತ್ತದೆ. ಉರಿ ಬಂದದ್ದೇ ಮದ್ದಿನ ಶಕ್ತಿ ಎಂದು ಜನ ತಿಳಿದುಕೊಳ್ಳುತ್ತಾರೆ. ಅದು ಬರೀ ಸ್ಪಿರಿಟ್.

ಈಗ ಬಳಕೆ. ಜಿಗಣೆ ಕಡಿತಕ್ಕೆ ಈ ಹಾಲು ನಿಜಕ್ಕೂ ಚೆನ್ನಾಗಿ ಕೆಲಸ ಮಾಡುತ್ತದೆ. ಜಿಗಣೆ ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ಹಿರುಡಿನ್ ಎಂಬ ಪ್ರೋಟೀನನ್ನು ಒಳಗೆ ಬಿಡುತ್ತದೆ. ಆದ್ದರಿಂದ ಅದು ಬಿದ್ದುಹೋದ ಮೇಲೂ ಸಾಸಿವೆ ಕಾಳಿನಷ್ಟು ತೂತಿನಿಂದ ಗಂಟೆಗಟ್ಟಲೆ ರಕ್ತ ಜಿನುಗುತ್ತಲೇ ಇರುತ್ತದೆ. ಸಾಕ್ಸ್ ಒದ್ದೆ, ಗಂಬೂಟಿನೊಳಗೆ ಒದ್ದೆ. ಸುಣ್ಣ, ಹೊಗೆಸೊಪ್ಪು, ಬೀಡಿ ಬೂದಿ, ಅಂಟಿಸಿದ ಕಾಗದದ ಚೂರು ಎಲ್ಲವೂ ತೋಟದಲ್ಲಿ ಚಾಲ್ತಿಯಲ್ಲಿವೆ. ಸುಣ್ಣ ಚರ್ಮ ಸುಡುತ್ತದೆ, ಬೂದಿ ಕೊಳೆ ತುಂಬುತ್ತದೆ. ಮರದ ಹಾಲಿನಲ್ಲಿರುವ ಟ್ಯಾನಿನ್ ಗಾಯದ ಬಾಯಲ್ಲಿರುವ ಪ್ರೋಟೀನನ್ನು ಗಟ್ಟಿ ಮಾಡಿ ಮೇಲೊಂದು ಮುಚ್ಚಳ ಕೂರಿಸುತ್ತದೆ.

ಮಾಡುವ ಕ್ರಮ ಹೀಗೆ. ಜಿಗಣೆಯನ್ನು ಎಳೆದು ಕೀಳಬೇಡಿ. ಉಗುರನ್ನು ಅದರ ಬಾಯಿಯ ಅಂಚಿಗೆ ಅಡ್ಡ ಜಾರಿಸಿ ಬಿಡಿಸಿ. ಸೋಪು ನೀರಿನಲ್ಲಿ ತೊಳೆದು, ಒಗೆದ ಬಟ್ಟೆಯಿಂದ ಐದು ನಿಮಿಷ ಒತ್ತಿ ಹಿಡಿಯಿರಿ. ಒತ್ತುವುದನ್ನು ಬಿಟ್ಟು ಹನಿ ಮಾತ್ರ ಹಾಕಿದರೆ ಒಳಗಿನಿಂದ ಬರುವ ರಕ್ತ ಹನಿಯನ್ನೇ ತೊಳೆದುಕೊಂಡು ಹೋಗುತ್ತದೆ. ಮದ್ದು ಹಿಡಿಯಲಿಲ್ಲ ಎಂಬ ದೂರಿಗೆ ಬಹುತೇಕ ಕಾರಣ ಇದೇ. ಬಟ್ಟೆ ತೆಗೆದ ಕೂಡಲೇ ಸುತ್ತಲ ತೇವ ಒರೆಸಿ, ಒಂದೇ ಹನಿ ಬಿಟ್ಟು, ಬೆರಳ ತುದಿಯಿಂದ ಮುಲಾಮಿನಂತಾಗುವವರೆಗೆ ಮೆಲ್ಲಗೆ ಸವರಿ. ಒಣಗಲು ಒಂದೆರಡು ನಿಮಿಷ ಬೇಕು. ಆಷಾಢದ ಥಂಡಿಯಲ್ಲಿ ಇನ್ನೂ ಹೆಚ್ಚು. ಆಮೇಲೆ ಇನ್ನೊಂದು ಹನಿ, ಇನ್ನೊಂದು ಪದರ. ಎರಡು ಪದರದ ಮೇಲೆ ಸಾಕ್ಸ್ ಹಾಕಬಹುದು. ಪದರ ಹಸಿಯಿರುವಾಗ ಸಾಕ್ಸ್ ಎಳೆದರೆ ಅದೂ ಅಂಟಿ, ಸಂಜೆ ಬಿಚ್ಚುವಾಗ ಗಾಯದ ಬಾಯಿ ಮತ್ತೆ ತೆರೆದುಕೊಳ್ಳುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಜಿಗಣೆ ಕಚ್ಚಿ, ಒತ್ತಿದರೂ ರಕ್ತ ನಿಲ್ಲದಿದ್ದರೆ ಬಾಟಲಿಯ ಕಡೆ ನೋಡಬೇಡಿ, ಡಾಕ್ಟರ ಹತ್ತಿರ ಹೋಗಿ.

ಕತ್ತಿ ಗಾಯದ ಲೆಕ್ಕ ಬೇರೆ. ಕಪಾತು ಕತ್ತರಿ ಬೆರಳಿಗೆ ತಗುಲಿದ್ದು, ಕಾಫಿ ಕಡ್ಡಿ ತರಚಿದ್ದು, ಮೆಣಸು ಕುಯ್ಯುವಾಗ ಏಣಿಯ ಗೀರು, ಇಂಥ ಮೇಲ್ಮೈ ಗಾಯಗಳಿಗೆ ಮಾತ್ರ ಈ ಹಾಲು. ಅಂಚು ಬಾಯಿ ಬಿಟ್ಟಿದ್ದರೆ, ಬೆರಳು ಮಡಚಲು ಬಾರದಿದ್ದರೆ, ಮುಟ್ಟಿದ್ದು ಗೊತ್ತಾಗದಿದ್ದರೆ, ಹತ್ತು ನಿಮಿಷ ಬಿಡದೆ ಒತ್ತಿದರೂ ರಕ್ತ ನಿಲ್ಲದಿದ್ದರೆ ಅದು ಹೊಲಿಗೆಯ ಗಾಯ. ಅದಕ್ಕೆ ಹಾಲು ಬಳಿದು ಗೋಣಿಕೊಪ್ಪಕ್ಕೋ ಮಡಿಕೇರಿಗೋ ಕಳಿಸಿದರೆ ಡಾಕ್ಟರಿಗೆ ಕಾಣುವುದು ಕಪ್ಪು ಹೆಕ್ಕಳೆ. ಗಾಯದ ಅಂಚೆಲ್ಲಿ, ಆಳವೆಷ್ಟು, ಚರ್ಮ ಜೀವಂತವೋ ಸತ್ತಿದೆಯೋ ಒಂದೂ ತಿಳಿಯದೆ, ಮೊದಲು ಅದನ್ನು ಉಜ್ಜಿ ತೆಗೆಯಬೇಕಾಗುತ್ತದೆ. ನೋವು ಗಾಯಾಳುವಿಗೆ. ಇಂಥ ಗಾಯವನ್ನು ಶುಭ್ರ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಕಳಿಸುವುದೇ ಸರಿ.

ಸಣ್ಣ ಗಾಯಕ್ಕೆ ಹಚ್ಚುವ ಮೊದಲು ತೊಳೆಯುವುದರಲ್ಲೇ ಅರ್ಧ ಕೆಲಸ ಇದೆ. ಕುಡಿಯಲು ಯೋಗ್ಯವಾದ ನೀರನ್ನು ಧಾರೆಯಾಗಿ ಕನಿಷ್ಠ ಐದು ನಿಮಿಷ ಬಿಡಿ, ಸೋಪನ್ನು ಗಾಯದ ಸುತ್ತ ಹಚ್ಚಿ. ಮಣ್ಣಿನ ಕಣ ಉಳಿದಿದ್ದರೆ ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ತೆಗೆಯಿರಿ. ತೋಟದ ಮಣ್ಣೆಂದರೆ ಕೊಟ್ಟಿಗೆ ಗೊಬ್ಬರ ಬೆರೆತ ಮಣ್ಣು. ಧನುರ್ವಾಯುವಿನ ಬೀಜ ಇರುವ ಜಾಗ. ಆ ರೋಗಾಣು ಗಾಳಿಯಿಲ್ಲದ ಕಡೆ ಬೆಳೆಯುವಂಥದ್ದು, ಹಾಲಿನ ಪದರ ಮಾಡುವುದು ಗಾಳಿ ಹೋಗದ ಮುಚ್ಚಳವನ್ನೇ. ಹಾಗಾಗಿ ಕೊಳೆ ಉಳಿದ ಗಾಯದ ಮೇಲೆ ಇದನ್ನು ಬಳಿಯುವುದು ಏನೂ ಹಚ್ಚದಿರುವುದಕ್ಕಿಂತ ಕೆಟ್ಟದ್ದು. ಮಣ್ಣಾದ ಗಾಯಕ್ಕೆ ಕಳೆದ ಇಂಜೆಕ್ಷನ್ ಆಗಿ ಐದು ವರ್ಷ ದಾಟಿದ್ದರೆ, ಚೊಕ್ಕ ಗಾಯಕ್ಕೆ ಹತ್ತು ವರ್ಷ ದಾಟಿದ್ದರೆ, ಧನುರ್ವಾಯು ಇಂಜೆಕ್ಷನ್ ಬೇಕು. ಮರದ ಹಾಲು ಅದರ ಬದಲಿಗೆ ಬರುವುದಿಲ್ಲ.

ತೊಳೆದು ಒಣಗಿಸಿದ ಗಾಯದ ಮೇಲೆ ಒಂದು ರೂಪಾಯಿ ನಾಣ್ಯದ ಅಗಲಕ್ಕೆ ಒಂದು ಹನಿ ಸಾಕು. ದಿನಕ್ಕೆ ಎರಡು ಸಲ, ಹೆಚ್ಚೆಂದರೆ ಮೂರು. ಹಳೆಯ ಪದರವನ್ನು ಕೀಳಬಾರದು. ಅದರ ಮೇಲೇ ಹೊಸದು. ಮೂರನೇ ದಿನದ ಹೊತ್ತಿಗೆ ಕಂದು–ಕಪ್ಪು ಹೆಕ್ಕಳೆ ಗಟ್ಟಿಯಾಗುತ್ತದೆ. ತಾನಾಗಿ ಅಂಚಿನಿಂದ ಏಳುವವರೆಗೆ ಬಿಡಿ. ಗಂಟಿನ ಮೇಲೆ, ಅಂದರೆ ಬೆರಳ ಕೀಲು, ಮೊಣಕಾಲಿನ ಮೇಲೆ, ಈ ಪದರ ನಿಲ್ಲುವುದಿಲ್ಲ. ಮಡಚಿದಂತೆಲ್ಲ ಬಿರುಕು ಬಿಟ್ಟು, ಬಿರುಕಿನಲ್ಲಿ ಹೊಸ ನೋವು. ಅಲ್ಲಿಗೆ ಮೆಡಿಕಲ್ ಶಾಪಿನ ಬಟ್ಟೆಯ ಪ್ಲಾಸ್ಟರೇ ಮೇಲು. ಹೆಕ್ಕಳೆಯ ಸುತ್ತ ಕೆಂಪು ಹರಡಿದರೆ, ಮುಟ್ಟಿದರೆ ಬಿಸಿ ಎನಿಸಿದರೆ, ಒತ್ತಿದಾಗ ಅಂಚಿನಿಂದ ಕೀವು ಬಂದರೆ ಒಳಗೆ ಸೋಂಕು ಕೂತಿದೆ ಎಂದರ್ಥ. ಪದರ ಕಪ್ಪಾಗಿರುವುದರಿಂದ ಇದು ತಡವಾಗಿ ಕಣ್ಣಿಗೆ ಬೀಳುತ್ತದೆ. ಆದ್ದರಿಂದಲೇ ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿಗೆ ಇದನ್ನು ಹಚ್ಚಲೇಬಾರದು. ಅವರಿಗೆ ನೋವೂ ಗೊತ್ತಾಗುವುದಿಲ್ಲ, ಬಣ್ಣವೂ ಕಾಣುವುದಿಲ್ಲ.

ಹುಳ ಕಡಿತಕ್ಕೆ, ಅಂದರೆ ಕೆಂಪಿರುವೆ, ಸೊಳ್ಳೆ, ಒಂದೆರಡು ಕಡಜದ ಕುಟುಕಿಗೆ, ತುರಿಕೆ ಮತ್ತು ಉರಿ ಇಳಿಯುವುದು ನಿಜ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಕೀಟ ನಿಯಂತ್ರಣದ ಕೆಲಸಗಾರರ ಸಣ್ಣ ಗುಂಪೊಂದರ ಮೇಲೆ ಈ ಹಾಲಿನ ಮುಲಾಮು ಹಚ್ಚಿ ನೋಡಿದ್ದಾರೆ; ಬೇಗ ಉಪಶಮನ ಸಿಕ್ಕಿತೆಂದು ಅವರು ಹೇಳಿದ್ದು ದಾಖಲಾಗಿದೆ. ಸಣ್ಣ ಗುಂಪು ಎಂಬುದನ್ನು ಮರೆಯದಿದ್ದರೆ ಸಾಕು. ಹೆಜ್ಜೇನು ಎದ್ದು ಹತ್ತಾರು ಕಡೆ ಕುಟುಕಿದ್ದರೆ, ತುಟಿ ಊದಿದರೆ, ಉಸಿರು ಕಟ್ಟಿದರೆ ಹನಿ ಎಣಿಸುತ್ತಾ ಕೂರುವಂತಿಲ್ಲ. ಜೀಪು ತೆಗೆಯಬೇಕು.

ಇದು ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಎರಡು ಉತ್ತರ ಇವೆ. ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಹಾಲು ಹಚ್ಚಿದ ಗಾಯಕ್ಕೆ ಬೇಗ ಕಪ್ಪು ಹೆಕ್ಕಳೆ ಕಟ್ಟಿತು, ಹೊಸ ಚರ್ಮದ ನಾರು ಕಟ್ಟುವುದೂ ಚುರುಕಾಯಿತು. ಮೊದಲನೆಯದು ಟ್ಯಾನಿನ್ ಕೆಲಸ. ಎರಡನೆಯದರಲ್ಲಿ ಟ್ಯಾಸ್ಪಿನ್ ಪಾತ್ರವಿದೆ: ಗಾಯ ಕೂಡಿಸುವ ಕೋಶಗಳು ಗಾಯದ ಕಡೆಗೆ ಸರಿಯುವುದನ್ನು ಅದು ಹೆಚ್ಚಿಸುತ್ತದೆ. ಅದೇ ಟ್ಯಾಸ್ಪಿನ್ ಪ್ರಮಾಣ ಹೆಚ್ಚಿದಾಗ ಕೋಶಗಳನ್ನು ಕೊಲ್ಲುವುದೂ ಪ್ರಯೋಗಾಲಯದಲ್ಲಿ ಕಂಡಿದೆ. ಒಂದು ಹನಿ ಒಳ್ಳೆಯದಾದರೆ ಹತ್ತು ಹನಿ ಇನ್ನೂ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ತಪ್ಪುವುದು ಅದಕ್ಕೇ.

ನಾಯಿ ಕಡಿತಕ್ಕೆ ಇದನ್ನು ಮುಟ್ಟಿಸಬೇಡಿ. ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕು, ಅಂದೇ ರೇಬಿಸ್ ಲಸಿಕೆ ಶುರುವಾಗಬೇಕು. ಗಾಯವನ್ನು ಯಾವ ಹಾಲಿನಿಂದಲೂ ಮುಚ್ಚಬಾರದು. ಹಾವಿನ ಕಡಿತಕ್ಕೆ ಹಚ್ಚುವ ಮದ್ದೇ ಇಲ್ಲ, ಆಸ್ಪತ್ರೆಯ ದಾರಿ ಒಂದೇ. ಸುಟ್ಟ ಗಾಯಕ್ಕೆ 20 ನಿಮಿಷ ತಣ್ಣೀರ ಧಾರೆ. ಬೊಬ್ಬೆಯ ಮೇಲೆ ಬಿಗಿಯುವ ಪದರ ಬೇಡ. ಕಣ್ಣಿನ ಹತ್ತಿರ ಸುಳಿಯಬಾರದು. ಮೊದಲ ಸಲ ಬಳಸುವವರು ಮೊಳಕೈ ಒಳಭಾಗಕ್ಕೆ ಒಂದು ಹನಿ ಹಚ್ಚಿ ಒಂದು ದಿನ ಬಿಟ್ಟು ನೋಡಬೇಕು. ಬಾಯಿಹುಣ್ಣಿಗೆ ಹತ್ತಿಯಲ್ಲಿ ಅದ್ದಿ ಹುಣ್ಣಿಗಷ್ಟೇ ಮುಟ್ಟಿಸಿ ಉಗುಳಬಹುದು. ವಿಪರೀತ ಒಗರು, ಕಹಿಯೂ ಹೌದು, ಹಲ್ಲಿಗೆ ತಾಗಿದರೆ ಕಂದು ಕಲೆ. ಎರಡು ವಾರವಾದರೂ ಮಾಗದ ಹುಣ್ಣು, ಅದರಲ್ಲೂ ಎಲೆಯಡಿಕೆ–ಹೊಗೆಸೊಪ್ಪು ಹಾಕುವವರದ್ದು, ಡಾಕ್ಟರಿಗೆ ತೋರಿಸಬೇಕಾದ ಹುಣ್ಣು. ಅದಕ್ಕೆ ಬಣ್ಣ ಬಳಿದು ಮುಚ್ಚಬೇಡಿ.

ಹೊಟ್ಟೆಯ ವಿಚಾರಕ್ಕೆ ಬರೋಣ. ಮಾರಾಟಗಾರರು ಬೀಗುವುದು ಇಲ್ಲಿಯೇ: ಈ ಮರದಿಂದ ಅಮೆರಿಕದಲ್ಲಿ ಮಾತ್ರೆ ಬಂದಿದೆ, ಸರ್ಕಾರವೇ ಒಪ್ಪಿದೆ ಎಂದು. ಬಂದಿರುವುದು ಸತ್ಯ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರ ಡಿಸೆಂಬರ್ 31ರಂದು ಕ್ರೊಫೆಲೆಮರ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಆಗ ಫುಲಿಜಾಕ್, ಈಗ ಮೈಟೆಸಿ ಎಂಬ ಹೆಸರಿನಲ್ಲಿದೆ. ಆದರೆ ಒಪ್ಪಿಗೆ ಯಾವುದಕ್ಕೆ? ಎಚ್‌ಐವಿ ಔಷಧ ತೆಗೆದುಕೊಳ್ಳುತ್ತಿರುವ ವಯಸ್ಕರಿಗೆ, ಸೋಂಕಿನಿಂದ ಬಂದದ್ದಲ್ಲದ ಭೇದಿಗೆ ಮಾತ್ರ. 125 ಮಿಲಿಗ್ರಾಂ ಮಾತ್ರೆ ದಿನಕ್ಕೆ ಎರಡು ಬಾರಿ. ಅದು ಕರುಳಿನ ಗೋಡೆಯಲ್ಲಿ ಕ್ಲೋರೈಡ್ ಹೊರಬಿಡುವ ಎರಡು ಬಗೆಯ ದಾರಿಗಳನ್ನು ತಡೆಯುತ್ತದೆ; ಕ್ಲೋರೈಡ್ ಹಿಂದೆ ನೀರು ಹೋಗುವುದು ಕಡಿಮೆಯಾಗುತ್ತದೆ. ಒಪ್ಪಿಗೆಗೆ ಆಧಾರವಾದ ಪರೀಕ್ಷೆಯಲ್ಲಿ ಔಷಧ ತೆಗೆದುಕೊಂಡವರಲ್ಲಿ ಶೇ 17.6 ಮಂದಿಗೆ ನಿಗದಿತ ಮಟ್ಟದ ಗುಣ ಕಂಡರೆ, ಖಾಲಿ ಮಾತ್ರೆ ತೆಗೆದುಕೊಂಡವರಲ್ಲಿ ಶೇ 8 ಮಂದಿಗೆ ಕಂಡಿತು. ಪ್ರಯೋಜನ ಇದೆ, ಆದರೆ ಪವಾಡವೇನಲ್ಲ.

ಮುಖ್ಯ ವಿಷಯ ಇನ್ನೊಂದಿದೆ. ಆ ಮಾತ್ರೆಯಲ್ಲಿರುವುದು ಹಾಲಿನಿಂದ ಬೇರ್ಪಡಿಸಿ ಶುದ್ಧ ಮಾಡಿದ ಒಂದು ಭಾಗ. ಅದರ ಮೇಲೆ ಜಠರದ ಆಮ್ಲದಲ್ಲಿ ಕರಗದ ಲೇಪವಿದೆ, ಕರುಳಿಗೆ ಇಳಿದ ಮೇಲೆಯೇ ಬಿಚ್ಚಿಕೊಳ್ಳಲೆಂದು. ಲೋಟ ನೀರಿಗೆ ಹತ್ತು ಹನಿ ಬಿಟ್ಟು ಕುಡಿದರೆ ಲೇಪವೂ ಇಲ್ಲ, ಅಳತೆಯೂ ಇಲ್ಲ, ಟ್ಯಾಸ್ಪಿನ್ ಸಮೇತ ಎಲ್ಲವೂ ಒಳಗೆ. ಮಾತ್ರೆಗೆ ಸಿಕ್ಕ ಒಪ್ಪಿಗೆಯನ್ನು ಬಾಟಲಿಗೆ ಅಂಟಿಸುವುದು ಶುದ್ಧ ಮೋಸ. ಮಳೆಗಾಲದಲ್ಲಿ ತೋಟದ ಕೆಲಸದವರ ಸಾಲುಮನೆಗಳಲ್ಲಿ, ಅಂದರೆ ಲೈನ್ ಮನೆಗಳಲ್ಲಿ, ಬರುವ ಭೇದಿ ಬಹುಪಾಲು ನೀರಿನ ಸೋಂಕಿನದು. ಅದಕ್ಕೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ದೊಡ್ಡ ಓಆರ್‌ಎಸ್ ಪೊಟ್ಟಣ, 24 ಗಂಟೆಯೊಳಗೆ ಮುಗಿಸಬೇಕು. ಮಕ್ಕಳಿಗೆ ಜೊತೆಗೆ ಜಿಂಕ್: ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಅದಕ್ಕಿಂತ ಸಣ್ಣವರಿಗೆ 10, ಒಟ್ಟು 14 ದಿನ. ಮಲದಲ್ಲಿ ರಕ್ತ, ಜ್ವರ ಇದ್ದರೆ ಆಸ್ಪತ್ರೆ. ಇಷ್ಟೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಸಿಗುವಾಗ ಪೆರುವಿನ ಹಾಲು ಯಾಕೆ? ಒಗರು ಪದಾರ್ಥ ಕಬ್ಬಿಣಾಂಶವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬುದೂ ನೆನಪಿರಲಿ. ರಕ್ತಹೀನತೆಗೆ ಮಾತ್ರೆ ನುಂಗುತ್ತಿರುವ ಹೆಣ್ಣುಮಕ್ಕಳಿಗೆ ಇದು ನೇರ ನಷ್ಟ. ಗರ್ಭಿಣಿಯರು, ಹಾಲೂಡಿಸುವವರು, ಮಕ್ಕಳು ಕುಡಿಯಲೇಬಾರದು.

ಮದ್ದಿನ ಬಣ್ಣ ಕಂಡು ಕೊಡಗಿನವರು ಬೆಚ್ಚುವವರಲ್ಲ. ಕೊಡವರ ಕಕ್ಕಡ ತಿಂಗಳ ಹದಿನೆಂಟಕ್ಕೆ, ಆಗಸ್ಟ್ 3ರಂದು, ಮದ್ದು ಸೊಪ್ಪಿನ ನೇರಳೆ ಪಾಯಸ ಉಂಡು ಮರುದಿನ ಮೂತ್ರ ಕೆಂಪಾದರೂ ನಗುತ್ತಾರೆ. ಆದರೆ ಆ ಸೊಪ್ಪನ್ನು ಗುರುತು ಹಿಡಿದು ಕೊಯ್ದು ತರುವವರು ಮನೆಯಲ್ಲೇ ಇದ್ದಾರೆ. ಬಾಟಲಿಯಲ್ಲಿ ಬಂದ ಕೆಂಪಿಗೆ ಆ ಗುರುತು ಹೇಳುವವರಿಲ್ಲ.

ನಮ್ಮಲ್ಲೇ ಹೊನ್ನೆ ಇದೆಯಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ, ನ್ಯಾಯವಾದದ್ದೇ. ಹೊನ್ನೆಯ ತೊಗಟೆಗೆ ಉದ್ದಕ್ಕೊಂದು ಗೆರೆ, ಅದಕ್ಕೆ ಸೇರುವಂತೆ ಅಡ್ಡ ಓರೆ ಗೆರೆಗಳನ್ನು ಹಾಕಿ ಇಳಿಸಿದ ಕೆಂಪು ರಸ ಒಣಗಿ ಕಪ್ಪುಗೆಂಪು ಹರಳಾಗುತ್ತದೆ. ಇದೇ ‘ಮಲಬಾರ್ ಕೈನೊ’ ಹೆಸರಿನಲ್ಲಿ ಇಂಗ್ಲೆಂಡಿನ ಔಷಧಿಕೋಶದಲ್ಲಿ ಇದ್ದದ್ದು, ಭೇದಿಗೆ ಮತ್ತು ಬಾಯಿ ಮುಕ್ಕಳಿಸಲು. ಇಳಿಸಿದ ರಸವನ್ನು ಒಮ್ಮೆ ಕುದಿಸದಿದ್ದರೆ ಅದರಲ್ಲಿರುವ ಕಿಣ್ವದಿಂದಾಗಿ ಮುಂದೆ ದ್ರಾವಣ ಮಾಡಿಟ್ಟಾಗ ಲೋಳೆಗಟ್ಟುತ್ತದೆ. ಅಂಗಡಿಯ ಹೊನ್ನೆ ಅಂಟು ಕೆಡುವುದಕ್ಕೆ ಒಂದು ಕಾರಣ ಅದು. ರಕ್ತ ತಡೆಯುವ ಒಗರಿನಲ್ಲಿ ಹೊನ್ನೆ ಅಂಟು ಕಡಿಮೆಯೇನಲ್ಲ. ಸೋಲುವುದು ಅನುಕೂಲದಲ್ಲಿ: ಪುಡಿ ಮಾಡಬೇಕು, ಬಿಸಿನೀರಿನಲ್ಲಿ ಕರಗಿಸಬೇಕು, ಸೋಸಬೇಕು, ತೊಗಟೆಯ ಚೂರು, ಧೂಳು ಇದ್ದೇ ಇರುತ್ತದೆ. ತೆರೆದ ಗಾಯಕ್ಕೆ ಆ ಪುಡಿ ಉದುರಿಸುವಂತಿಲ್ಲ. ಮತ್ತೆ, ಅಂಟಿಗಾಗಿ ತೋಟದ ಹೊನ್ನೆಗೆ ಕತ್ತಿ ಹಾಕುವುದು ದಡ್ಡತನ. ಗೆರೆ ಹಾಕಿದ ಜಾಗದಿಂದ ಮರ ಕೊಳೆಯುತ್ತದೆ, ಬಾಣೆ ಜಮೀನಿನ, ಅಂದರೆ ಗದ್ದೆಗೆ ಸೇರಿದ ಕಾಡು ಜಮೀನಿನ, ಮರದ ಹಕ್ಕಿನ ಗೋಜಲು ಬೇರೆ. ಪ್ರವಾಸಿಗರು ಹೊತ್ತೊಯ್ಯುವ ಹೊನ್ನೆ ಲೋಟ ಚೇಗಿನದು, ಅಂದರೆ ಮರದ ಒಳತಿರುಳಿನದು, ಅಂಟಿನದಲ್ಲ. ಆ ಲೋಟದ ನೀರು ಸಕ್ಕರೆ ಕಾಯಿಲೆಗೆ ಒಳ್ಳೆಯದು ಎಂಬ ವಾದಕ್ಕೂ ಈ ಗಾಯದ ಮದ್ದಿಗೂ ಸಂಬಂಧವಿಲ್ಲ.

ಹಾಲು ಬರುವ ಮರವೆಲ್ಲ ಮದ್ದಿನ ಮರ ಎಂದುಕೊಂಡು ಪ್ರಯೋಗಕ್ಕೆ ಇಳಿಯುವವರಿಗೆ ಒಂದು ಮಾತು. ಹೊಲಗೇರಿನ ಸೊನೆ ತಾಗಿದರೆ ಮೈ ಬೊಬ್ಬೆ ಏಳುತ್ತದೆ ಎಂದು ಕಾಡಿನಂಚಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅಂಗಳದ ಕುಂಡದಲ್ಲಿರುವ ಬಣ್ಣದೆಲೆಯ ಕ್ರೋಟನ್ ಗಿಡ ಈ ಅಮೆಜಾನ್ ಕ್ರೋಟನ್ ಅಲ್ಲ, ಅದರ ಹಾಲು ಚರ್ಮ ಕೆರಳಿಸುತ್ತದೆ ಎಂಬುದನ್ನು ಹೇಳಲೇಬೇಕು. ಜಾಪಾಳ ಇದೇ ಕ್ರೋಟನ್ ಜಾತಿಯದು. ಅದರ ಬೀಜದ ಎಣ್ಣೆ ಭೇದಿ ನಿಲ್ಲಿಸುವುದಿಲ್ಲ, ಜೀವ ಹೋಗುವಷ್ಟು ಭೇದಿ ಮಾಡಿಸುತ್ತದೆ.

ಬಾಟಲಿಯ ದೋಷಗಳು. ಡ್ರಾಪರ್ ತುದಿಯಲ್ಲಿ ಹಾಲು ಒಣಗಿ ಗಾಜಿನ ಕೊಳವೆ ಕಟ್ಟಿಕೊಳ್ಳುತ್ತದೆ, ಮುಚ್ಚಳ ಬಾಟಲಿಗೇ ಅಂಟಿಕೊಳ್ಳುತ್ತದೆ. ಪ್ರತಿ ಸಲ ಕತ್ತು ಒರೆಸಿ ಮುಚ್ಚಿ. ಅಂಟಿದರೆ ಇಕ್ಕಳ ಹಾಕದೆ ಬಾಟಲಿಯ ಕತ್ತನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ ತಿರುಗಿಸಿ. ಡ್ರಾಪರನ್ನು ಗಾಯಕ್ಕೆ ತಾಗಿಸಬೇಡಿ. ಒಬ್ಬರ ರಕ್ತ ತಾಗಿದ ಕೊಳವೆ ಮತ್ತೆ ಬಾಟಲಿಯೊಳಗೆ ಹೋದರೆ ಮುಂದಿನವರಿಗೆ ಅದೇ ಮದ್ದು. ಹತ್ತು ಜನರ ಡಬ್ಬಿಯಲ್ಲಿ ಇದು ದೊಡ್ಡ ಅಪಾಯ. ಚಮಚಕ್ಕೆ ಹನಿ ಬಿಟ್ಟುಕೊಂಡು ಅಲ್ಲಿಂದ ಹಚ್ಚಿ. ಬಟ್ಟೆಗೆ ಬಿದ್ದರೆ ಕೂಡಲೇ ತಣ್ಣೀರಿನಲ್ಲಿ ಉಜ್ಜಬೇಕು, ಒಣಗಿದ ಮೇಲೆ ಕಲೆ ಬಟ್ಟೆಯ ಆಯುಷ್ಯದಷ್ಟು. ಕೊಡಗಿನ ಜೂನ್–ಆಗಸ್ಟ್ ಥಂಡಿಗೆ ಬೂಸ್ಟು ಹಿಡಿಯುವ ಸಾಧ್ಯತೆಯೂ ಇದೆ. ಫ್ರಿಜ್ಜಿನ ಬಾಗಿಲಿನಲ್ಲೋ ಕತ್ತಲ ಕಪಾಟಿನಲ್ಲೋ ಇಡಿ. ಒಲೆಯ ಮೇಲಿನ ಅಟ್ಟ ಬೇಡ. ಹುಳಿ ವಾಸನೆ ಬಂದರೆ, ಮುಚ್ಚಳ ತೆಗೆದಾಗ ಗಾಳಿ ಚಿಮ್ಮಿದರೆ, ಮೇಲೆ ಬಿಳಿ ಪೊರೆ ಕಂಡರೆ ಚೆಲ್ಲಿಬಿಡಿ. ಸೋಸಿ ಬಳಸುವ ಪ್ರಶ್ನೆಯೇ ಇಲ್ಲ.

ಒಂದು ಮಿ.ಲೀ.ಗೆ ಸುಮಾರು 20 ಹನಿಯೆಂದರೆ 30 ಮಿ.ಲೀ.ಯಲ್ಲಿ ಹತ್ತಿರ 600 ಹನಿ. ಒಂದು ಮನೆಗೆ ಅಷ್ಟು ಖರ್ಚಾಗುವ ಮೊದಲೇ ಬಾಟಲಿ ಹಳತಾಗುತ್ತದೆ, ಆದ್ದರಿಂದ 10 ಮಿ.ಲೀ.ಯದ್ದು ಸಿಕ್ಕರೆ ಅದನ್ನೇ ಕೊಳ್ಳಿ. ಬೆಲೆ ಹೆಚ್ಚು. ಅದೇ ದುಡ್ಡಿಗೆ ಪ್ಲಾಸ್ಟರ್, ಗಾಜ್, ಪೊವಿಡೋನ್ ಅಯೋಡಿನ್, ಓಆರ್‌ಎಸ್ ಸೇರಿ ಒಂದು ಡಬ್ಬಿ ತುಂಬುತ್ತದೆ. ಆ ಡಬ್ಬಿ ಇನ್ನೂ ಇಲ್ಲದ ತೋಟದವರು ಮೊದಲು ಅದನ್ನು ತುಂಬಿಸಲಿ. ಡಬ್ಬಿ ಇದ್ದು, ಜಿಗಣೆ ಕಾಟವೂ ಇದ್ದು, ಲೇಬಲ್ ಓದಿ ಕೊಳ್ಳುವ ತಾಳ್ಮೆ ಇದ್ದವರಿಗೆ ಈ ಹಾಲು ಬೇಡ ಎನ್ನಲು ಕಾರಣವಿಲ್ಲ. ಬಾಟಲಿಯ ಮೇಲೆ ತೆರೆದ ತಾರೀಕು ಬರೆದು, ‘ಹಚ್ಚಲು ಮಾತ್ರ’ ಎಂದು ದಪ್ಪಗೆ ಗೀಚಿ, ಕೆಲಸದವರಿಗೆ ಅರ್ಥವಾಗುವ ಭಾಷೆಯಲ್ಲೂ ಅದನ್ನೇ ಬರೆದು ಅಂಟಿಸಿ.